ಮೋಲ್ ಹಿಡಿಯುವವರನ್ನು ಕರೆಸಿದೆವು: ಹೆರೆಫರ್ಡ್‌ಶೈರ್‌ನಿಂದ ಒಂದು ರಿವ್ಯೂ

ಮೊದಲು ತೀರ್ಪು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಇಂಗ್ಲೆಂಡಿನ ಹಳ್ಳಿ ಕಡೆ ಮನೆ ಮಾಡಿದ್ದೀರಾ, ಹುಲ್ಲುಗಾವಲಿನ ತುಂಬಾ ಮೋಲ್ ಅನ್ನುವ, ನೆಲದೊಳಗೆ ಸುರಂಗ ತೋಡುವ ಪುಟ್ಟ ಪ್ರಾಣಿಯ ಮಣ್ಣಿನ ಗುಡ್ಡೆಗಳು ಏಳುತ್ತಿವೆಯಾ, ಹಾಗಿದ್ದರೆ ಕಬ್ಬಿಣದ ಬೋನು ಇಟ್ಟು ಮೋಲ್ ಹಿಡಿಯುವ ಹಳೇ ಪದ್ಧತಿಯವರನ್ನೇ ಕರೆಸಿ. ಗ್ಯಾಸ್ ಮಾತ್ರೆ ಬೇಡ. ಬ್ಯಾಟರಿ ಹಾಕಿದ ಸದ್ದಿನ ಕಡ್ಡಿಗಳಂತೂ ಬೇಡವೇ ಬೇಡ. ನಮ್ಮ ಹಳ್ಳಿಗೆ ಬರುವ ಹಿರಿಯರೊಬ್ಬರ ಕೆಲಸಕ್ಕೆ ನಾನು ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡುತ್ತೇನೆ. ಅರ್ಧ ಯಾಕೆ ಕಡಿಮೆ ಅಂತ ಮುಂದೆ ಹೇಳುತ್ತೇನೆ. ಅವರ ಹೆಸರು ಹಾಕುತ್ತಿಲ್ಲ. ಅವರಿಗೆ ಇಂಟರ್ನೆಟ್ಟಿನ ಗೊಡವೆ ಬೇಡ, ಬಾಯಿಂದ ಬಾಯಿಗೆ ಹೋಗಿ ಸಿಗುವ ಕೆಲಸವೇ ಕೈ ತುಂಬಾ ಇದೆ. ಇಂಥವರು ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡಿನ ಕೃಷಿ ಪ್ರದೇಶಗಳಲ್ಲಿ ಈಗಲೂ ಸಿಗುತ್ತಾರೆ, ಹಾಗಾಗಿ ಈ ರಿವ್ಯೂವನ್ನು ಆ ಕಸುಬಿನದ್ದು ಅಂತಲೇ ಓದಿಕೊಳ್ಳಿ.

ನಾವಿರುವುದು ಹೆರೆಫರ್ಡ್‌ಶೈರ್‌ನಲ್ಲಿ, ಲೆಮ್‌ಸ್ಟರ್ ಪಟ್ಟಣದ ಆಚೆ. ಕುರಿ, ದನ, ಸೈಡರ್ ಸೇಬಿನ ತೋಟಗಳ ಸೀಮೆ ಇದು. ಇಲ್ಲಿನ ಮಣ್ಣು ಕೆಂಪು. ಬಾಡಿಗೆ ಮನೆಗೆ ಹೊಂದಿಕೊಂಡು ಒಂದು ಹುಲ್ಲುಗಾವಲಿದೆ. ಅದರಲ್ಲಿ ಪಕ್ಕದ ರೈತ ಕುರಿ ಮೇಯಿಸುತ್ತಾರೆ, ಬೇಸಿಗೆಯಲ್ಲಿ ಹುಲ್ಲು ಕೊಯ್ದುಕೊಳ್ಳುತ್ತಾರೆ. ಚಳಿಗಾಲ ಮುಗಿಯುವ ಹೊತ್ತಿಗೆ ಹಸಿರು ಹುಲ್ಲಿನ ಮೇಲೆ ಕೆಂಪು ಗುಡ್ಡೆಗಳು ಸಾಲುಸಾಲಾಗಿ ಎದ್ದವು. ಬೇಲಿಯಿಂದ ಶುರುವಾಗಿ ಗದ್ದೆ ನಡುವಿಗೆ ಬಂದು, ಅಲ್ಲಿಂದ ನಾಲ್ಕೂ ಕಡೆ ಹರಡಿಕೊಂಡವು.

ಕರ್ನಾಟಕದಲ್ಲಿ ಮೋಲ್ ಇಲ್ಲ, ಹಾಗಾಗಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಇದು ಇಲಿಯ ಜಾತಿಯಲ್ಲ, ಬೇರು ತಿನ್ನುವುದಿಲ್ಲ, ಕಾಳು ಕದಿಯುವುದಿಲ್ಲ. ಬಾಳೆಲ್ಲ ನೆಲದೊಳಗೆ. ತೂಕ ನೂರು ಗ್ರಾಂ ಆಸುಪಾಸು. ಮುಖ್ಯ ಊಟ ಎರೆಹುಳು. 80 ಗ್ರಾಂ ತೂಗುವ ಮೋಲ್‌ಗೆ ದಿನಕ್ಕೆ 50 ಗ್ರಾಂ ಎರೆಹುಳು ಬೇಕು ಅಂದರೆ ಅದರ ಹಸಿವು ಎಂಥದ್ದು ನೋಡಿ. ತಾನು ತೋಡಿದ ಸುರಂಗಕ್ಕೆ ಬಂದು ಬೀಳುವ ಹುಳುಗಳನ್ನು ಓಡಾಡಿ ಹೆಕ್ಕಿ ತಿನ್ನುತ್ತದೆ. ಹೆಚ್ಚಾದದ್ದನ್ನು ಮುಂಭಾಗ ಕಚ್ಚಿ ಕೂಡಿಡುತ್ತದೆ, ಹುಳು ಸಾಯುವುದಿಲ್ಲ, ಆದರೆ ತೆವಳಿ ಹೋಗಲಾರದು. ದಿನಕ್ಕೆ 20 ಮೀಟರ್‌ವರೆಗೂ ತೋಡಬಲ್ಲದು. ತೋಡಿದ ಮಣ್ಣನ್ನು ಎಲ್ಲಾದರೂ ಹಾಕಬೇಕಲ್ಲ, ಅದನ್ನೇ ಮೇಲಕ್ಕೆ ನೂಕುತ್ತದೆ. ನಮಗೆ ಕಾಣುವ ಗುಡ್ಡೆ ಅದೇ. ಗುಡ್ಡೆ ಇಪ್ಪತ್ತಿದ್ದರೆ ಮೋಲ್ ಇಪ್ಪತ್ತು ಅಂತ ಲೆಕ್ಕ ಹಾಕಬೇಡಿ. ಮೋಲ್ ಒಂಟಿ ಪ್ರಾಣಿ. ಮರಿ ಹಾಕುವ ಕಾಲ ಬಿಟ್ಟರೆ ಒಂದಕ್ಕೊಂದು ಸೇರುವುದಿಲ್ಲ. ಇಡೀ ಗದ್ದೆಯ ಗಲಾಟೆ ಒಂದೆರಡು ಪ್ರಾಣಿಯದ್ದೇ ಆಗಿರಬಹುದು.

ಇದರಿಂದ ತೊಂದರೆ ಏನು ಅಂತ ನನಗೂ ಮೊದಲು ಅನಿಸಿತ್ತು. ಗುಡ್ಡೆ ತಾನೇ, ಇರಲಿ ಬಿಡಿ. ಪಕ್ಕದ ರೈತ ಬಿಡಿಸಿ ಹೇಳಿದರು. ಹುಲ್ಲನ್ನು ಕೊಯ್ದು ಪ್ಲಾಸ್ಟಿಕ್ ಸುತ್ತಿ ಹುದುಗಿಸಿ ಚಳಿಗಾಲದ ಮೇವಿಗೆ ಇಡುತ್ತಾರೆ, ನಮ್ಮ ಕಡೆ ಡೈರಿಯವರೂ ಮಾಡುವ ಸೈಲೇಜ್. ಕೊಯ್ಯುವ ಯಂತ್ರ ಗುಡ್ಡೆಗೆ ತಾಗಿದರೆ ಮಣ್ಣು ಹುಲ್ಲಿನ ಜೊತೆ ಮೇವಿಗೆ ಸೇರುತ್ತದೆ. ಮಣ್ಣಿನಲ್ಲಿ ಲಿಸ್ಟೀರಿಯಾ ಅನ್ನುವ ಬ್ಯಾಕ್ಟೀರಿಯಾ ಇರುತ್ತದೆ. ಸೈಲೇಜ್ ಸರಿಯಾಗಿ ಹುಳಿಯದೇ ಇದ್ದರೆ ಅದು ಒಳಗೇ ಬೆಳೆಯುತ್ತದೆ. ಅದನ್ನು ತಿಂದ ಕುರಿಗೆ ಮಿದುಳಿನ ಸೋಂಕು ಆಗಬಹುದು, ಮುಖದ ಒಂದು ಪಕ್ಕ ಜೋತು ಬಿದ್ದು, ಸುತ್ತಿದಲ್ಲೇ ಸುತ್ತಿ ಸಾಯುತ್ತದೆ. ಗಬ್ಬದ ಕುರಿಗೆ ಕಂದು ಹಾಕುವುದೂ ಉಂಟು. ಇಷ್ಟು ಕೇಳಿದ ಮೇಲೆ ಗುಡ್ಡೆಯನ್ನು ನೋಡುವ ಕಣ್ಣೇ ಬೇರೆಯಾಯಿತು. ಇದರ ಮೇಲೆ ಕೊಯ್ಯುವ ಬ್ಲೇಡು ಕಲ್ಲಿಗೆ ಬಡಿದು ಹಾಳಾಗುವುದು, ಕುದುರೆಗಳ ಕಾಲು ಸುರಂಗದಲ್ಲಿ ಕುಸಿಯುವುದು ಬೇರೆ. ರಾಜ 3ನೇ ವಿಲಿಯಂ 1702ರಲ್ಲಿ ಸತ್ತದ್ದಕ್ಕೂ ಮೋಲ್ ಗುಡ್ಡೆಯನ್ನೇ ಹೊಣೆ ಮಾಡುತ್ತಾರೆ. ಕುದುರೆ ಎಡವಿತು, ರಾಜ ಬಿದ್ದು ಕೊರಳೆಲುಬು ಮುರಿಯಿತು, ಕೆಲವೇ ದಿನಗಳಲ್ಲಿ ತೀರಿಕೊಂಡ. ಅವನನ್ನು ಕಂಡರೆ ಆಗದವರು ಆಮೇಲೆ ಎಷ್ಟೋ ವರ್ಷ 'ಕಪ್ಪು ವೆಲ್ವೆಟ್ ಕೋಟಿನ ಪುಟ್ಟ ಮಹಾಶಯ'ನ, ಅಂದರೆ ಮೋಲ್‌ನ, ಹೆಸರಲ್ಲಿ ಮದ್ಯದ ಲೋಟ ಎತ್ತುತ್ತಿದ್ದರಂತೆ.

ಇಲ್ಲೇ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನಿಮ್ಮದು ಬರೀ ಮನೆ ಮುಂದಿನ ಹುಲ್ಲಿನ ಅಂಗಳವಾಗಿದ್ದರೆ, ಅಲ್ಲೊಂದು ಇಲ್ಲೊಂದು ಗುಡ್ಡೆ ಎದ್ದಿದ್ದರೆ, ಯಾರನ್ನೂ ಕರೆಸಬೇಡಿ. ಆ ಮಣ್ಣನ್ನು ಸಲಿಕೆಯಲ್ಲಿ ತುಂಬಿಕೊಳ್ಳಿ. ಜರಡಿ ಹಿಡಿದಷ್ಟು ನುಣುಪಾದ ಮಣ್ಣು ಅದು, ನಮ್ಮ ಮನೆಯ ಮೆಂತ್ಯ, ಕೊತ್ತಂಬರಿ ಕುಂಡಗಳಿಗೆ ಅದೇ ಹೋಗುತ್ತದೆ. ಮೋಲ್ ಮಣ್ಣನ್ನು ಸಡಿಲ ಮಾಡುತ್ತದೆ, ನೀರಿಳಿಯಲು ದಾರಿ ಮಾಡುತ್ತದೆ, ಹುಲ್ಲಿನ ಬೇರು ಕಡಿಯುವ ಹುಳುಗಳನ್ನೂ ತಿನ್ನುತ್ತದೆ. ಅಂದಕ್ಕೋಸ್ಕರ ಒಂದು ಜೀವ ತೆಗೆಯುವುದು ನನಗೆ ಸರಿ ಕಾಣುವುದಿಲ್ಲ. ಮೋಲ್ ಹಿಡಿಯುವ ನಮ್ಮ ಹಿರಿಯರೂ ಅಂಥ ಕೆಲಸ ಒಪ್ಪಿಕೊಳ್ಳುವ ಮುಂಚೆ ನಾಲ್ಕು ಮಾತು ಕೇಳುತ್ತಾರೆ. ಒಂದು ಮನೆಗೆ ಹೋಗಿ, ನೋಡಿ, ಇದು ಇನ್ನೆರಡು ವಾರದಲ್ಲಿ ತಾನೇ ಮುಂದೆ ಹೋಗುತ್ತದೆ ಸುಮ್ಮನಿರಿ ಅಂತ ಹೇಳಿ ವಾಪಸ್ ಬಂದದ್ದನ್ನು ಪಕ್ಕದವರೇ ಹೇಳಿದರು. ನಮಗೆ ಅವರ ಮೇಲೆ ನಂಬಿಕೆ ಹುಟ್ಟಿದ್ದು ಅಲ್ಲಿಂದ.

ಬೇರೆ ಉಪಾಯಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಸದ್ದು ಮಾಡುವ ಕಡ್ಡಿಗಳು ಸಿಗುತ್ತವೆ, ನೆಲಕ್ಕೆ ಚುಚ್ಚಿದರೆ ಆಗಾಗ ಝುಂಯ್ ಅನ್ನುತ್ತವೆ, ಮೋಲ್ ಹೆದರಿ ಓಡುತ್ತದೆ ಅಂತ ಪೊಟ್ಟಣದ ಮೇಲೆ ಬರೆದಿರುತ್ತದೆ. ನಮಗಿಂತ ಮುಂಚೆ ಈ ಮನೆಯಲ್ಲಿದ್ದವರು ಅಂಥವನ್ನು ನೆಟ್ಟು ಬಿಟ್ಟು ಹೋಗಿದ್ದರು. ಬ್ಯಾಟರಿ ಬದಲಾಯಿಸಿ ನೋಡಿದೆವು, ಸದ್ದು ಚೆನ್ನಾಗಿಯೇ ಬಂತು. ವಾರ ಕಳೆಯುವುದರೊಳಗೆ ಒಂದು ಕಡ್ಡಿಯ ಬುಡದಲ್ಲೇ ಹೊಸ ಗುಡ್ಡೆ ಎದ್ದು, ಕಡ್ಡಿ ವಾಲಿಕೊಂಡು ನಿಂತಿತ್ತು. ಬೆಳ್ಳುಳ್ಳಿ, ನುಸಿಗುಳಿಗೆ, ಗಾಜಿನ ಚೂರು, ಸುರಂಗಕ್ಕೆ ನೀರು ಬಿಡುವುದು, ಇವೆಲ್ಲ ಹಳ್ಳಿಯಲ್ಲಿ ಕೇಳಿಬರುವ ಮದ್ದುಗಳು. ಗಾಜಿನ ಚೂರು ಬರೀ ಕ್ರೌರ್ಯ, ನಾಳೆ ಅಲ್ಲಿ ಕೈ ಹಾಕುವ ಮಗುವಿಗೂ ಅದೇ ಗತಿ. ಕಾರಿನ ಹೊಗೆ ಬಿಡುವುದಂತೂ ಅಪರಾಧವಾಗಬಹುದು. 1996ರ ಕಾಡುಪ್ರಾಣಿ ರಕ್ಷಣೆ ಕಾಯ್ದೆಯ ಪ್ರಕಾರ ಕಾಡುಪ್ರಾಣಿಗೆ ಬೇಕಂತಲೇ ನೋವು ಕೊಡಲು ಉಸಿರುಗಟ್ಟಿಸುವುದು, ಮುಳುಗಿಸುವುದು, ಜಜ್ಜುವುದು ಎಲ್ಲ ಶಿಕ್ಷೆಗೆ ದಾರಿ.

ಇನ್ನು ಗ್ಯಾಸ್. ಹಿರಿಯರು ಸಿಗುವ ಮುಂಚೆ ಕೀಟ ನಿಯಂತ್ರಣದ ಒಂದು ಕಂಪನಿಯವರನ್ನು ಕರೆಸಿದ್ದೆವು. ಬಂದವರು ಗೇಟಿನ ಬಳಿ ನಿಂತು ಗದ್ದೆ ನೋಡಿದರು. ಒಳಗೆ ಕಾಲಿಡಲಿಲ್ಲ. ವರ್ಷದ ಕಾಂಟ್ರಾಕ್ಟ್ ಮಾಡಿಕೊಳ್ಳಿ, ಮಾತ್ರೆ ಹಾಕುತ್ತೇವೆ ಅಂದರು. ಯಾವ ಮಾತ್ರೆ ಅಂತ ಕೇಳಿದೆ. ಅಲ್ಯುಮಿನಿಯಂ ಫಾಸ್ಫೈಡ್. ನಾನು ದಾವಣಗೆರೆಯಲ್ಲಿ ಎಮರ್ಜೆನ್ಸಿ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಊರಲ್ಲಿ ಜೋಳ, ಭತ್ತದ ಚೀಲಗಳ ನಡುವೆ ಹುಳು ಬಾರದಂತೆ ಇಡುವ ಮಾತ್ರೆ ಅದೇ. ಅದನ್ನು ನುಂಗಿ ಬಂದವರನ್ನು ನೋಡಿದವರು ಆ ಹೆಸರು ಮರೆಯುವುದಿಲ್ಲ. ಪ್ರತಿವಿಷವಿಲ್ಲ. ತೇವ ತಾಗಿದರೆ ಸಾಕು ಫಾಸ್ಫೀನ್ ಗ್ಯಾಸ್ ಬಿಡುತ್ತದೆ, ಮೋಲ್ ಸುರಂಗದಲ್ಲಿ ಹಾಕಿದಾಗಲೂ ಮಣ್ಣಿನ ತೇವವೇ ಅದನ್ನು ಗ್ಯಾಸ್ ಮಾಡುವುದು. ಬ್ರಿಟನ್ನಿನಲ್ಲಿ 2015ರ ನವೆಂಬರ್‌ನಿಂದ ತರಬೇತಿಯ ಸರ್ಟಿಫಿಕೇಟ್ ಇಲ್ಲದವರು ಇದನ್ನು ಬಳಸುವಂತಿಲ್ಲ. ಜನ ಇರುವ ಕಟ್ಟಡದಿಂದ ಕನಿಷ್ಠ 10 ಮೀಟರ್ ದೂರ ಇರಬೇಕು. ಅವರಲ್ಲಿ ಸರ್ಟಿಫಿಕೇಟ್ ಇತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಸುರಂಗ ಮನೆ ಕಡೆಗೆ ಎಷ್ಟು ದೂರ ಬಂದಿದೆ, ಮಕ್ಕಳಿದ್ದಾರಾ, ನಾಯಿ ಇದೆಯಾ ಅಂತ ಒಂದು ಮಾತು ಕೇಳಲಿಲ್ಲ. ಅದಕ್ಕೇ ಬೇಡ ಅಂದೆ. ಎಷ್ಟು ಸತ್ತವು, ಸತ್ತವೋ ಇಲ್ಲವೋ ಅಂತಲೂ ಗ್ಯಾಸ್‌ನಲ್ಲಿ ಗೊತ್ತಾಗುವುದಿಲ್ಲ, ಎಲ್ಲ ನೆಲದೊಳಗೇ ಮುಗಿಯುತ್ತದೆ, ನೀವು ಕೊಟ್ಟ ದುಡ್ಡಿಗೆ ಕಣ್ಣಾರೆ ಕಾಣುವಂಥದ್ದು ಏನೂ ಇರುವುದಿಲ್ಲ.

ಈಗ ನಮ್ಮ ಹಿರಿಯರು. ಹಳೇ ಲ್ಯಾಂಡ್ ರೋವರ್‌ನಲ್ಲಿ ಬಂದರು, ಕ್ಯಾನ್ವಾಸ್ ಚೀಲ, ಕಿರಿದಾದ ಒಂದು ಸಲಿಕೆ, ಒಂದು ಕಬ್ಬಿಣದ ಸರಳು. ಅಷ್ಟೇ ಸಾಮಾನು. ಮೊದಲನೇ ದಿನ ಒಂದು ಬೋನೂ ಇಡಲಿಲ್ಲ. ಬೇಲಿ ಗುಂಟ ನಿಧಾನವಾಗಿ ನಡೆದರು, ನಿಂತರು, ಬಗ್ಗಿ ಮಣ್ಣು ಮುಟ್ಟಿದರು. ಆಮೇಲೆ ಗುಡ್ಡೆಗಳನ್ನೆಲ್ಲ ಬೂಟುಗಾಲಲ್ಲಿ ತುಳಿದು ಸಮ ಮಾಡಿ ಹೋದರು. ಎರಡು ದಿನ ಬಿಟ್ಟು ಬಂದಾಗ ಯಾವುದು ಮತ್ತೆ ಎದ್ದಿದೆಯೋ ಅಲ್ಲಿ ಮಾತ್ರ ಪ್ರಾಣಿ ಓಡಾಡುತ್ತಿದೆ ಅಂತ ತಿಳಿಯುತ್ತದೆ. ಹೊಸ ಗುಡ್ಡೆಯ ಮಣ್ಣು ಕಡು ಕೆಂಪಾಗಿ ತೇವವಾಗಿರುತ್ತದೆ, ಹಳೆಯದು ಮೇಲೆ ಒಣಗಿ ಮಳೆಗೆ ಗಟ್ಟಿಯಾಗಿರುತ್ತದೆ. ಇಷ್ಟೊಂದು ಗುಡ್ಡೆಗಳಲ್ಲಿ ಮತ್ತೆ ಎದ್ದದ್ದು ಬೆರಳೆಣಿಕೆಯಷ್ಟು. ನಾವು ಇಡೀ ಗದ್ದೆ ಹೋಯಿತು ಅಂದುಕೊಂಡಿದ್ದೆವು, ಅವರು ಎರಡು ಪ್ರಾಣಿ, ಹೆಚ್ಚೆಂದರೆ ಮೂರು ಅಂದರು.

ಬೋನು ಇಡುವುದು ಗುಡ್ಡೆಯ ಒಳಗೆ ಅಂತ ನೀವು ಅಂದುಕೊಂಡಿರಬಹುದು. ಅಲ್ಲಿ ಇಟ್ಟರೆ ಸಿಗುವುದು ಕಷ್ಟ. ಗುಡ್ಡೆ ಬರೀ ಮಣ್ಣು ಹಾಕುವ ಜಾಗ. ಮೋಲ್ ದಿನಕ್ಕೆ ಹಲವು ಸಲ ಓಡಾಡುವ ಹೆದ್ದಾರಿ ಬೇರೆ ಇರುತ್ತದೆ, ಸಾಮಾನ್ಯವಾಗಿ ಬೇಲಿ ಬುಡದಲ್ಲಿ, ಗೋಡೆ ಪಕ್ಕದಲ್ಲಿ, ಗೇಟಿನ ಕೆಳಗೆ. ಅದನ್ನು ಹುಡುಕುವುದೇ ಕಸುಬು. ಹಿರಿಯರು ಎರಡು ಗುಡ್ಡೆಗಳ ನಡುವೆ ನಿಂತು ಸರಳನ್ನು ನೆಲಕ್ಕೆ ಊರಿದರು. ಬಿಗಿಯಾಗಿ ಇಳಿಯಿತು. ಒಂದು ಅಂಗೈ ಪಕ್ಕಕ್ಕೆ ಮತ್ತೆ ಊರಿದರು, ಅದೂ ಬಿಗಿ. ಮೂರನೆಯ ಸಲಕ್ಕೆ ಸರಳು ಸ್ವಲ್ಪ ಇಳಿದು ತಟಕ್ಕನೆ ಜಾರಿತು, ಒಳಗೆ ಟೊಳ್ಳು ಸಿಕ್ಕಿತು. ನನ್ನ ಕೈಗೂ ಕೊಟ್ಟು ನೋಡಿ ಅಂದರು. ಆ ಜಾರುವುದು ಕೈಗೆ ಸ್ಪಷ್ಟವಾಗಿ ತಿಳಿಯುತ್ತದೆ. ಆಮೇಲೆ ಸಲಿಕೆಯಲ್ಲಿ ಬೇರುಮಣ್ಣಿನ ಸಮೇತ ಹುಲ್ಲಿನ ಹೆಂಟೆಯನ್ನು ಚೌಕವಾಗಿ ಕತ್ತರಿಸಿ ಮುಚ್ಚಳ ತೆಗೆದ ಹಾಗೆ ಎತ್ತಿ ಪಕ್ಕಕ್ಕಿಟ್ಟರು. ಒಳಗೆ ಸುರಂಗ. ಗೋಡೆಗಳು ನುಣ್ಣಗೆ, ಓಡಾಡಿ ಓಡಾಡಿ ಹೊಳಪು ಬಂದಿತ್ತು. ಹೊಳಪಿದ್ದರೆ ಬಳಕೆಯಲ್ಲಿದೆ ಅಂತ ಅರ್ಥ. ಬೇರು ಇಳಿಬಿದ್ದಿದ್ದರೆ, ಜೇಡರಬಲೆ ಇದ್ದರೆ ಬಿಟ್ಟ ದಾರಿ. ಉದುರಿದ ಮಣ್ಣನ್ನು ಬೆರಳಲ್ಲೇ ತೆಗೆದು, ಸುರಂಗದ ನೆಲವನ್ನು ಸಲಿಕೆಯ ಹಿಡಿಯಿಂದ ಒತ್ತಿ ಗಟ್ಟಿ ಮಾಡಿದರು. ಯಾಕೆ ಅಂದರೆ, ಸಡಿಲ ಇದ್ದರೆ ಮೋಲ್ ಬೋನಿನ ಅಡಿಯಿಂದಲೇ ತೋಡಿಕೊಂಡು ಹೋಗಿಬಿಡುತ್ತದೆ.

ಬೋನು ಇಟ್ಟ ಮೇಲೆ ಅದೇ ಹೆಂಟೆ ಮುಚ್ಚಿ, ಅಂಚುಗಳಿಗೆ ಮಣ್ಣು ಮೆತ್ತಿ, ಬೆಳಕಾಗಲಿ ಗಾಳಿಯಾಗಲಿ ಒಳಗೆ ಹೋಗದ ಹಾಗೆ ಮಾಡಿದರು. ಮೋಲ್‌ಗೆ ಕಣ್ಣು ಕಾಣುವುದು ಅಷ್ಟಕ್ಕಷ್ಟೆ, ಆದರೆ ಮೂಗಿನ ತುದಿಯಲ್ಲಿ ಮುಟ್ಟಿದ್ದನ್ನೆಲ್ಲ ಅರಿಯುವ ಸಾವಿರಾರು ಸೂಕ್ಷ್ಮ ಗುಳ್ಳೆಗಳಿವೆ. ಗಾಳಿ ಸುಳಿದರೂ ಅದಕ್ಕೆ ಗೊತ್ತು. ತೂತು ಬಿದ್ದಿದೆ ಅಂತ ಮಣ್ಣು ತಂದು ಮುಚ್ಚಲು ಬರುತ್ತದೆ, ಬೋನಿನೊಳಗೆ ಮಣ್ಣು ತುಂಬಿಬಿಡುತ್ತದೆ. ಹೊಸ ಬೋನುಗಳನ್ನು ಇವರು ಅಂಗಡಿಯಿಂದ ತಂದ ಕೂಡಲೇ ಬಳಸುವುದಿಲ್ಲ, ಮಣ್ಣಲ್ಲಿ ಹೂತಿಟ್ಟು ಎಣ್ಣೆ ವಾಸನೆ ಹೋದ ಮೇಲೆಯೇ ತೆಗೆಯುವುದು.

ಬೋನುಗಳಲ್ಲಿ ಬಗೆ ಇವೆ. ಇವರು ಹೆಚ್ಚು ನೆಚ್ಚುವುದು ಅರ್ಧ ಪೀಪಾಯಿ ಆಕಾರದ್ದನ್ನು, ಡಫಸ್ ಅನ್ನುತ್ತಾರೆ. ತಗಡಿನ ಕಮಾನು, ಎರಡೂ ತುದಿಗೆ ಒಂದೊಂದು ತಂತಿಯ ಕುಣಿಕೆ. ಸುರಂಗದಂತೆಯೇ ಇರುವುದರಿಂದ ಮೋಲ್ ಅನುಮಾನವಿಲ್ಲದೆ ನುಗ್ಗುತ್ತದೆ, ನಡುವಿನ ನಾಲಿಗೆಯನ್ನು ತಳ್ಳಿದಾಗ ಕುಣಿಕೆ ಮೇಲಕ್ಕೆ ಚಿಮ್ಮಿ ಎದೆಯನ್ನು ಕಮಾನಿಗೆ ಒತ್ತಿ ಹಿಡಿಯುತ್ತದೆ. ಯಾವ ಕಡೆಯಿಂದ ಬಂದರೂ ಸಿಗುತ್ತದೆ. ಇನ್ನೊಂದು ಕತ್ತರಿ ಬೋನು. ಅದರ ಹಿಡಿಗಳು ನೆಲದ ಮೇಲೆ ಚಾಚಿಕೊಂಡಿರುತ್ತವೆ, ಬಡಿದಿದೆಯೋ ಇಲ್ಲವೋ ಅಂತ ದೂರದಿಂದಲೇ ನೋಡಬಹುದು, ದೊಡ್ಡ ಗದ್ದೆಗೆ ಅದು ಅನುಕೂಲ. ಆದರೆ ಕುರಿ ಇರುವ ಕಡೆ ಕಾಲಿಗೆ ತಾಗಿ ಬೀಳುವುದೂ ಉಂಟು, ಅದಕ್ಕೇ ನಮ್ಮಲ್ಲಿ ಬೇಡ ಅಂದರು. ಟಾಲ್ಪೆಕ್ಸ್ ಅಂತ ಮೂರನೆಯದೊಂದಿದೆ, ಅದರ ದವಡೆ ನಡುವೆ ಸಡಿಲ ಮಣ್ಣು ತುಂಬಿಸುತ್ತಾರೆ, ಆ ಮಣ್ಣನ್ನು ನೂಕಲು ಬಂದಾಗ ಬಡಿಯುತ್ತದೆ. ಕಲಿಯುವವರಿಗೆ ಇದು ಸುಲಭ ಅಂತಾರೆ. ತಂತಿ, ತಗಡು ಬರುವ ಮುಂಚೆ ಮರದ ಪೀಪಾಯಿಗೆ ಕುದುರೆ ಕೂದಲಿನ ಕುಣಿಕೆ ಕಟ್ಟಿ, ಹೇಝಲ್ ಗಿಡದ ಹಸಿ ಕೋಲನ್ನು ಬಾಗಿಸಿ ಅದನ್ನೇ ಸ್ಪ್ರಿಂಗ್ ಮಾಡುತ್ತಿದ್ದರು. ಹಿರಿಯರ ಹತ್ತಿರ ಅಂಥದ್ದೊಂದು ಇದೆ, ಅಪ್ಪನದ್ದಂತೆ, ಬಳಸುವುದಿಲ್ಲ.

ನಾನೇ ಬೋನು ಕೊಂಡು ಇಟ್ಟರೆ ಆಗಲ್ವಾ ಅಂತ ಕೇಳುವವರಿಗೆ: ಆಗುತ್ತದೆ. ಕಾನೂನಿನ ಅಡ್ಡಿ ಇಲ್ಲ. ಆದರೆ ಇದನ್ನು ತಿಳಿದುಕೊಂಡು ಮಾಡಿ. ಬ್ರಿಟನ್ನಿನಲ್ಲಿ ಸ್ಟೋಟ್ (ಮುಂಗುಸಿಯಂಥ ಪುಟ್ಟ ಬೇಟೆಪ್ರಾಣಿ), ಬೂದು ಅಳಿಲು ಇಂಥವಕ್ಕೆ ಇಡುವ ಸ್ಪ್ರಿಂಗ್ ಬೋನಿಗೆ ಸರ್ಕಾರದ ಒಪ್ಪಿಗೆ ಬೇಕು. ಹಲ್ಲಿನ ದವಡೆಯಿಂದ ಕಾಲು ಹಿಡಿಯುವ ಜಿನ್ ಬೋನು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1958ರಲ್ಲೇ ನಿಷೇಧ ಆಯಿತು. ಸ್ಟೋಟ್ ಹಿಡಿಯಲು ತಲೆಮಾರುಗಳಿಂದ ಬಳಸಿದ ಫೆನ್ ಬೋನನ್ನು ಕೂಡ, ಬೇಗ ಸಾಯಿಸುವುದಿಲ್ಲ ಅನ್ನುವ ಕಾರಣಕ್ಕೆ, 2020ರ ಏಪ್ರಿಲ್‌ನಿಂದ ಆ ಪ್ರಾಣಿಗೆ ಬಳಸುವಂತಿಲ್ಲ. ಆದರೆ ಮೋಲ್, ಇಲಿ, ಸುಂಡಿಲಿಯಷ್ಟು ಸಣ್ಣವುಗಳ ಬೋನಿಗೆ 1958ರ ಒಂದು ಆದೇಶದಿಂದ ವಿನಾಯಿತಿ ಇದೆ. ಅಂದರೆ ಇಂಥ ಬೋನನ್ನು ಯಾರು ಬೇಕಾದರೂ ಮಾಡಿ ಮಾರಬಹುದು, ಪರೀಕ್ಷೆ ಇಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇಲಿ, ಮೋಲ್ ಬೋನುಗಳ ಬಲ ಅಳೆದು 2012ರಲ್ಲಿ ಪ್ರಕಟಿಸಿದರು, ಒಂದಕ್ಕೂ ಇನ್ನೊಂದಕ್ಕೂ ಭಾರೀ ವ್ಯತ್ಯಾಸ ಇತ್ತು. ನನಗೆ ಇದು ಸಿಟ್ಟು ಬರಿಸುವ ವಿಷಯ. ಸ್ಟೋಟ್‌ಗೆ ಇರುವ ನೋವು ಮೋಲ್‌ಗೂ ಇದೆ ತಾನೇ? ಸ್ಪ್ರಿಂಗ್ ಸಡಿಲವಾದ ಅಗ್ಗದ ಬೋನು ತಂದು ಇಟ್ಟರೆ ಪ್ರಾಣಿ ಅದರಲ್ಲಿ ನರಳಿ ನರಳಿ ಸಾಯುತ್ತದೆ, ಮಣ್ಣಿನ ಕೆಳಗೆ ನಿಮಗೆ ಕಾಣಿಸುವುದೂ ಇಲ್ಲ. ಹಿರಿಯರು ಪ್ರತಿ ಹಂಗಾಮಿನಲ್ಲೂ ತಮ್ಮ ಬೋನುಗಳನ್ನೆಲ್ಲ ಒಂದೊಂದಾಗಿ ಬಡಿಸಿ ನೋಡುತ್ತಾರೆ, ಸ್ಪ್ರಿಂಗ್ ಸೋತದ್ದನ್ನು ಗುಜರಿಗೆ ಹಾಕುತ್ತಾರೆ. ಇಟ್ಟ ಬೋನನ್ನು ದಿನವೂ ಬಂದು ನೋಡುತ್ತಾರೆ, ಮಳೆ ಇರಲಿ ಹಿಮ ಇರಲಿ. ಜೀವಂತ ಹಿಡಿದು ಬಿಡುವ ಕೊಳವೆ ಬೋನುಗಳೂ ಉಂಟು, ಕೇಳಲು ಚೆನ್ನಾಗಿದೆ, ಆದರೆ ಕೆಲವೇ ಗಂಟೆ ಊಟ ತಪ್ಪಿದರೂ ಮೋಲ್ ಸತ್ತುಹೋಗಬಹುದು. ರಾತ್ರಿ ಇಟ್ಟು ಬೆಳಿಗ್ಗೆ ಒಂಬತ್ತಕ್ಕೆ ಎದ್ದು ನೋಡುವವರಿಗೆ ಅದು ಹೇಳಿದ್ದಲ್ಲ.

ಸಿಕ್ಕ ಮೋಲನ್ನು ಅವರು ಅಂಗೈ ಮೇಲಿಟ್ಟು ತೋರಿಸಿದರು. ನೋಡಬೇಕಾದ ಪ್ರಾಣಿ. ಕೈಗಳು ಮೈಗೆ ಮೀರಿದಷ್ಟು ದೊಡ್ಡವು, ಗುಲಾಬಿ ಬಣ್ಣ, ಅಂಗೈ ಹೊರಮುಖವಾಗಿ ತಿರುಗಿವೆ. ಐದು ಬೆರಳಿನ ಜೊತೆಗೆ ಪಕ್ಕದಲ್ಲಿ ಇನ್ನೊಂದು ಹೆಬ್ಬೆರಳಿನಂಥ ಎಲುಬು, ಮಣ್ಣು ತಳ್ಳುವ ಅಗಲ ಹೆಚ್ಚಾಗಲಿ ಅಂತ. ಕಣ್ಣು ಹುಡುಕಬೇಕು, ತುಪ್ಪಳ ಸರಿಸಿದರೆ ಸಾಸಿವೆ ಕಾಳಿನಷ್ಟು. ತುಪ್ಪಳವನ್ನು ಮುಂದಕ್ಕೆ ಸವರಿದರೂ ನುಣುಪು, ಹಿಂದಕ್ಕೆ ಸವರಿದರೂ ನುಣುಪು, ಇಕ್ಕಟ್ಟಾದ ಸುರಂಗದಲ್ಲಿ ಹಿಂದೆ ಮುಂದೆ ಹೇಗೆ ಚಲಿಸಿದರೂ ಕೂದಲು ಅಡ್ಡ ನಿಲ್ಲುವುದಿಲ್ಲ. ನನ್ನ ಮಗಳು ಮುಟ್ಟಿ ನೋಡಿದಳು, ಅತ್ತಳು. ಹಿರಿಯರು ಅವಳಿಗೆ ಸಮಾಧಾನದ ಸುಳ್ಳು ಹೇಳಲಿಲ್ಲ. ನನಗೂ ಈ ಪ್ರಾಣಿ ಇಷ್ಟ, ಆದರೆ ಕುರಿಗಳಿಗೆ ಈ ಹುಲ್ಲು ಬೇಕು ಪುಟ್ಟಿ, ಅಂದರು. ನಾನು ಈ ಕಸುಬನ್ನು ಮೆಚ್ಚುವುದು ಇಂಥ ನೇರತನಕ್ಕೆ. ಕೊಂದದ್ದನ್ನು ಕೈಯಲ್ಲಿ ಹಿಡಿದು, ಕೊಂದೆ ಅಂತ ಒಪ್ಪಿಕೊಳ್ಳುವವರು ಬೇಕಿಲ್ಲದೆ ಇನ್ನೊಂದನ್ನು ಕೊಲ್ಲುವುದಿಲ್ಲ.

ಹಳ್ಳಿ ದಾರಿಯಲ್ಲಿ ಮುಳ್ಳುತಂತಿ ಬೇಲಿಗೆ ಸತ್ತ ಮೋಲ್‌ಗಳನ್ನು ಸಾಲಾಗಿ ನೇತುಹಾಕಿದ್ದನ್ನು ನೀವು ಕಂಡಿರಬಹುದು. ಮೊದಲ ಸಲ ಕಂಡಾಗ ಎದೆ ಝಲ್ ಅನ್ನುತ್ತದೆ. ಅದು ಲೆಕ್ಕ ತೋರಿಸುವ ರೂಢಿ. ತಲೆಗಿಷ್ಟು ಅಂತ ಕೂಲಿ, ರೈತ ಬಂದು ಎಣಿಸಿ ದುಡ್ಡು ಕೊಡಬೇಕು. ಈ ಲೆಕ್ಕ ತುಂಬಾ ಹಳೆಯದು. 1ನೇ ಎಲಿಜಬೆತ್ ಕಾಲದಲ್ಲಿ, 1566ರ ಕಾಯ್ದೆಯಲ್ಲಿ, ಬೆಳೆಗೆ ಕಾಟ ಕೊಡುವ ಪ್ರಾಣಿಗಳ ತಲೆ ತಂದವರಿಗೆ ಊರಿನ ಚರ್ಚಿನ ಕಡೆಯಿಂದ ಕಾಸು ಕೊಡಬೇಕು ಅಂತ ಬರೆದಿತ್ತು, ಮೋಲ್ ಕೂಡ ಆ ಪಟ್ಟಿಯಲ್ಲಿತ್ತು. ಆಮೇಲೆ ಚರ್ಮಕ್ಕೂ ಬೆಲೆ ಬಂತು. 20ನೇ ಶತಮಾನದ ಮೊದಲಲ್ಲಿ ಮೋಲ್ ತುಪ್ಪಳದ ಕೋಟು ಫ್ಯಾಷನ್ ಆಗಿತ್ತು, ಸೀಸದ ಪೈಪು ಬೆಸೆಯುವ ಪ್ಲಂಬರ್‌ಗಳು ಕೂಡ ಬಿಸಿ ಬೆಸುಗೆಯನ್ನು ಒರೆಸಿ ನಯ ಮಾಡಲು ಇದೇ ಚರ್ಮ ಬಳಸುತ್ತಿದ್ದರು. ನಡುವೆ ವಿಷದ ಕಾಲ ಬಂತು. ಎರೆಹುಳುವಿಗೆ ಸ್ಟ್ರಿಕ್ನಿನ್ ಹಚ್ಚಿ ಸುರಂಗದಲ್ಲಿ ಹಾಕುವುದು. ಅಗ್ಗ, ಬೇಗ, ಆದರೆ ಸಾವು ಘೋರ, ಸೆಟೆದು ಸೆಟೆದು ಸಾಯಬೇಕು. 2006ರಲ್ಲಿ ಅದು ನಿಂತಿತು. ಬೋನಿನ ಕಸುಬು ಮತ್ತೆ ಚಿಗುರಿದ್ದು ಆಮೇಲೆ. ಈಗ ಗಿಲ್ಡ್ ಆಫ್ ಬ್ರಿಟಿಷ್ ಮೋಲ್‌ಕ್ಯಾಚರ್ಸ್, ಬ್ರಿಟಿಷ್ ಟ್ರೆಡಿಷನಲ್ ಮೋಲ್‌ಕ್ಯಾಚರ್ಸ್ ರಿಜಿಸ್ಟರ್ ಅಂತ ಸಂಘಗಳೇ ಇವೆ, ನಿಮ್ಮ ಹತ್ತಿರ ಯಾರಿದ್ದಾರೆ ಅಂತ ಅಲ್ಲಿ ಹುಡುಕಬಹುದು. ನಮ್ಮ ಹಿರಿಯರು ಬೇಲಿಗೆ ನೇತುಹಾಕುವುದಿಲ್ಲ. ಗೇಟಿನ ಕಂಬದ ಮೇಲಿಟ್ಟು ತೋರಿಸಿ, ಬೇಲಿ ಬುಡದಲ್ಲಿ ಹೂಳುತ್ತಾರೆ.

ಇಲಿ ಬಗ್ಗೆಯೂ ಒಂದು ಮಾತು, ಯಾಕೆಂದರೆ ನಮ್ಮ ಕೊಟ್ಟಿಗೆಗೆ ಇಲಿ ಬಂದಾಗಲೂ ಇವರನ್ನೇ ಕೇಳಿದೆವು. ಮೊದಲು ಕೋಳಿ ಮೇವನ್ನು ಮುಚ್ಚಳದ ತಗಡಿನ ಡಬ್ಬಕ್ಕೆ ಹಾಕಿ, ಬಾಗಿಲಡಿಯ ಸಂದಿಗೆ ತಗಡು ಹೊಡೆಯಿರಿ ಅಂದರು. ಅದಾದ ಮೇಲೆಯೇ ಮರದ ಪೆಟ್ಟಿಗೆಯೊಳಗೆ ಬೋನು. ಈ ಕೊಟ್ಟಿಗೆಯ ಜಂತೆಯಲ್ಲಿ ಬಾರ್ನ್ ಔಲ್ ಜೋಡಿ ಇದೆ, ಬಿಳಿ ಮುಖದ ಗೂಬೆ, ಅದಕ್ಕೇ ವಿಷ ಬೇಡ ಅಂದರು. ಇಲಿಪಾಷಾಣ ತಿಂದ ಇಲಿಯನ್ನೋ ಹೆಗ್ಗಣವನ್ನೋ ಗೂಬೆ ತಿಂದರೆ ವಿಷ ಅದರ ಮೈಗೂ ಸೇರುತ್ತದೆ. ಬ್ರಿಟನ್ನಿನಲ್ಲಿ ಸತ್ತು ಸಿಕ್ಕ ಬಾರ್ನ್ ಔಲ್‌ಗಳನ್ನು ಪರೀಕ್ಷೆ ಮಾಡಿದರೆ ಬಹುಪಾಲಿನಲ್ಲಿ ಈ ವಿಷದ ಅಂಶ ಸಿಗುತ್ತದೆ. ಕಟ್ಟಡದಿಂದ ದೂರದ ಬಯಲಲ್ಲಿ ಬ್ರೊಮಾಡಿಯೊಲೋನ್, ಡೈಫೆನಾಕೌಮ್ ಅನ್ನುವ ಇಲಿಪಾಷಾಣಗಳನ್ನು ಬಳಸುವುದು 2024ರ ಕೊನೆಗೆ ನಿಂತದ್ದು ಇದೇ ಕಾರಣಕ್ಕೆ. ಅಂಟು ಹಲಗೆಯನ್ನಂತೂ ಇಡಲೇಬೇಡಿ. ವೇಲ್ಸ್‌ನಲ್ಲಿ 2023ರ ಅಕ್ಟೋಬರ್‌ನಿಂದ ನಿಷೇಧ, ಇಂಗ್ಲೆಂಡಿನಲ್ಲಿ 2024ರ ಜುಲೈ ಕೊನೆಯಿಂದ ಲೈಸೆನ್ಸ್ ಇರುವ ವೃತ್ತಿಯವರನ್ನು ಬಿಟ್ಟು ಬೇರೆ ಯಾರೂ ಇಲಿಗೆ ಅದನ್ನು ಇಡುವಂತಿಲ್ಲ. ಊರಿಂದ ಬರುವಾಗ ಬ್ಯಾಗಿನಲ್ಲಿ ತರುವವರೂ ಇದ್ದಾರೆ, ದಯವಿಟ್ಟು ಬೇಡ.

ದುಡ್ಡಿನ ವಿಷಯ. ಒಂದು ಮೋಲ್‌ಗೆ ಇಪ್ಪತ್ತು ಪೌಂಡ್ ಆಸುಪಾಸು, ಸಿಗದಿದ್ದರೆ ಕೊಡಬೇಕಾಗಿಲ್ಲ. ಕೆಲವರು ಬರುವ ಖರ್ಚು ಅಂತ ಮೊದಲೇ ಒಂದು ಮೊತ್ತ ತೆಗೆದುಕೊಳ್ಳುತ್ತಾರೆ, ಅದೂ ನ್ಯಾಯವೇ, ದಿನವೂ ಡೀಸೆಲ್ ಸುಟ್ಟುಕೊಂಡು ಬಂದು ನೋಡಬೇಕಲ್ಲ. ತಲೆಗಿಷ್ಟು ಅನ್ನುವ ಪದ್ಧತಿಯಲ್ಲಿ ಹೆಚ್ಚು ಹಿಡಿಯುವ ಆಸೆ ಬರುವುದಿಲ್ವಾ ಅಂತ ಗೆಳತಿ ಕೇಳಿದಳು. ಬರಬಹುದು. ಅದಕ್ಕೇ ಮೊದಲೇ ಎಷ್ಟಿರಬಹುದು ಅಂತ ಕೇಳಿಟ್ಟುಕೊಳ್ಳಿ. ನಮ್ಮಲ್ಲಿ ಅವರು ಹೇಳಿದ್ದು ಎರಡು ಮೂರು, ಸಿಕ್ಕಿದ್ದು ಎರಡು, ಆಮೇಲೆ ಹೊಸ ಗುಡ್ಡೆ ಏಳದ್ದನ್ನು ನೋಡಿ ಬೋನು ಕಿತ್ತುಕೊಂಡು ಹೋದರು. ಪಕ್ಕದ ರೈತ ಆ ಬೇಸಿಗೆ ಹುಲ್ಲನ್ನು ಚೊಕ್ಕವಾಗಿ ಕೊಯ್ದರು.

ಅರ್ಧ ಸ್ಟಾರ್ ಕಡಿಮೆ ಯಾಕೆ ಅಂದರೆ, ಕುರಿ ಮರಿ ಹಾಕುವ ಕಾಲದಲ್ಲಿ ಅವರು ಸಿಗುವುದೇ ಇಲ್ಲ. ಫೋನ್ ಎತ್ತುವುದಿಲ್ಲ, ಮೆಸೇಜಿಗೆ ಉತ್ತರ ಬರುವುದಿಲ್ಲ. ಗಂಡು ಮೋಲ್‌ಗಳು ಹೆಣ್ಣನ್ನು ಹುಡುಕಿಕೊಂಡು ಉದ್ದುದ್ದ ತೋಡುವುದೂ ಫೆಬ್ರವರಿ, ಮಾರ್ಚಿನಲ್ಲಿ, ಎಲ್ಲರೂ ಅವರನ್ನು ಕರೆಯುವುದೂ ಆಗಲೇ. ಕಾರ್ಡ್, ಆನ್‌ಲೈನ್ ಪಾವತಿ ಇಲ್ಲ, ನಗದು ಮಾತ್ರ, ರಸೀತಿ ಕೇಳಿದರೆ ಪಾಕೆಟ್ ಪುಸ್ತಕದ ಹಾಳೆ ಹರಿದು ಬರೆದು ಕೊಡುತ್ತಾರೆ. ಇನ್ನೊಂದು, ಇದು ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ. ಖಾಲಿಯಾದ ಸುರಂಗಕ್ಕೆ ಪಕ್ಕದ ಕಾಡಿನಿಂದ ಇನ್ನೊಂದು ಬಂದು ಸೇರಿಕೊಳ್ಳಬಹುದು, ಬೇಸಿಗೆ ಮೊದಲಲ್ಲಿ ತಾಯಿಯನ್ನು ಬಿಟ್ಟು ಹೊರಟ ಮರಿಗಳು ಜಾಗ ಹುಡುಕುತ್ತಿರುತ್ತವೆ. ಇದನ್ನು ಅವರು ಬಚ್ಚಿಡಲಿಲ್ಲ, ಮೊದಲ ದಿನವೇ ಹೇಳಿದ್ದರು. ಕಂಪನಿಯವರು ಹೇಳಿರಲಿಲ್ಲ.

ಕರೆಸುವವರಿಗೆ: ಅಕ್ಟೋಬರ್, ನವೆಂಬರಿನಲ್ಲೇ ಮಾತಾಡಿಟ್ಟುಕೊಳ್ಳಿ, ಹುಲ್ಲು ಎತ್ತರ ಬಂದ ಮೇಲೆ ಗುಡ್ಡೆಯೂ ಕಾಣುವುದಿಲ್ಲ, ದಾರಿಯೂ ಸಿಗುವುದಿಲ್ಲ. ಯಾವ ಬೋನು ಇಡುತ್ತೀರಿ, ದಿನವೂ ಬಂದು ನೋಡುತ್ತೀರಾ, ವಿಮೆ ಇದೆಯಾ, ಸಿಕ್ಕಿದ್ದನ್ನು ತೋರಿಸುತ್ತೀರಾ, ಇಷ್ಟು ಕೇಳಿ. ದಿನವೂ ಬರಲಾಗುವುದಿಲ್ಲ ಅಂದವರನ್ನು ಬಿಟ್ಟುಬಿಡಿ. ಬೋನು ಇಟ್ಟ ಜಾಗದಲ್ಲಿ ಗುರುತಿನ ಕಡ್ಡಿ ನೆಟ್ಟಿರುತ್ತಾರೆ, ಮಕ್ಕಳನ್ನೂ ನಾಯಿಯನ್ನೂ ಆ ಕಡೆ ಬಿಡಬೇಡಿ. ನಮ್ಮ ಹಾಗೆ ಬಾಡಿಗೆಗೆ ಇರುವವರು ಮನೆ ಮಾಲೀಕರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ, ಖರ್ಚು ಯಾರದ್ದು ಅಂತಲೂ ಆಗಲೇ ಮಾತಾಡಿ. ನಮ್ಮಲ್ಲಿ ಅರ್ಧ ಮಾಲೀಕರು ಕೊಟ್ಟರು, ಅರ್ಧ ಕುರಿ ಸಾಕುವ ರೈತ ಕೊಟ್ಟರು.